ಕೋರ್ಸೋ, ಕೋಚೋ, ಉದ್ಯಮಿಗಳ ಗುಂಪೋ, ಹತ್ತು ದಿನದ ಮೌನವೋ? ಸಣ್ಣ ಉದ್ಯಮದ ಯಜಮಾನರಿಗೊಂದು ಹೋಲಿಕೆ

ಕಳೆದ ಕೆಲವು ತಿಂಗಳಲ್ಲಿ ಮೂವರು ಓದುಗರು ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಒಬ್ಬರು ಪೀಣ್ಯದಲ್ಲಿ ಹದಿನೆಂಟು ಜನರ ಮೆಷಿನ್ ಶಾಪ್ ನಡೆಸುವವರು. ಇನ್ನೊಬ್ಬರು ಶಿವಮೊಗ್ಗದಲ್ಲಿ ತಂದೆಯವರ ಹಾರ್ಡ್‌ವೇರ್ ಅಂಗಡಿಯ ಹೊಣೆ ಹೊತ್ತಿರುವ ಇಪ್ಪತ್ತೊಂಬತ್ತರ ಯುವಕ. ಮೂರನೆಯವರು ಧಾರವಾಡದಲ್ಲಿ ಒಂಬತ್ತು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಶೇಂಗಾ ಹೋಳಿಗೆ, ಚಟ್ನಿಪುಡಿ, ಖಡಕ್ ರೊಟ್ಟಿ ಮಾಡಿ ಮಾರುವವರು. ಮೂವರ ವ್ಯಾಪಾರವೂ ನಡೆಯುತ್ತಿದೆ. ಆದರೆ ತಾವು ಬದಲಾಗದೆ ಅದು ಇಲ್ಲಿಂದ ಮುಂದಕ್ಕೆ ಹೋಗುವುದಿಲ್ಲ ಎಂಬ ಅನುಮಾನ ಮೂವರಿಗೂ ಇದೆ. ಐಐಎಂನ ಕೋರ್ಸಿಗೆ ಸೇರಬೇಕೆ, ಕೋಚ್ ಒಬ್ಬರನ್ನು ಹುಡುಕಬೇಕೆ, ಉದ್ಯಮಿಗಳ ಗುಂಪಿಗೆ ಹೋಗಬೇಕೆ, ಹತ್ತು ದಿನ ವಿಪಶ್ಯನ ಧ್ಯಾನಕ್ಕೆ ಕುಳಿತು ಬರಬೇಕೆ, ಇಲ್ಲವೇ ಮನೆಯಲ್ಲೇ ಓದಿಕೊಂಡರೆ ಸಾಕೆ ಎಂಬುದು ಅವರ ಪ್ರಶ್ನೆ.

ಉತ್ತರಿಸುವ ಮೊದಲು ನನ್ನದೊಂದು ಪ್ರಸಂಗವನ್ನು ಹೇಳಬೇಕು, ಏಕೆಂದರೆ ಮುಂದೆ ಬರುವ ಅಳತೆಗೋಲುಗಳೆಲ್ಲ ಅಲ್ಲಿಂದಲೇ ಹುಟ್ಟಿದವು. ಹುಬ್ಬಳ್ಳಿಯ ಹೊರವಲಯದಲ್ಲಿ ನನ್ನದೊಂದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಇದೆ. ಕೆಲವು ವರ್ಷಗಳ ಹಿಂದೆ ಮಸಾಲೆ ಪುಡಿಯ ಗ್ರಾಹಕರೊಬ್ಬರಿಗೆ ಎರಡು ಸಾವಿರ ಪೆಟ್ಟಿಗೆಗಳನ್ನು ಮುದ್ರಿಸಬೇಕಿತ್ತು. ಅವರ ಪರವಾನಗಿ ಸಂಖ್ಯೆ ಬದಲಾಗಿ ಹೊಸ ಸ್ಟೀರಿಯೋ, ಎಂದರೆ ಮುದ್ರಣದ ಅಚ್ಚು, ಬಂದಿತ್ತು. ಯಂತ್ರಕ್ಕೆ ಕೂತದ್ದು ಮಾತ್ರ ಹಳೆಯದು. ಮುನ್ನೂರು ಪೆಟ್ಟಿಗೆ ಆಗುವಷ್ಟರಲ್ಲಿಯೇ ಅದು ನಮ್ಮ ಸೂಪರ್‌ವೈಸರ್ ಕಣ್ಣಿಗೆ ಬಿದ್ದಿತ್ತು. ಆದರೂ ಅವರು ನನಗೆ ಹೇಳಲಿಲ್ಲ. ಎರಡು ಸಾವಿರವೂ ಮುಗಿದು, ಕಟ್ಟು ಕಟ್ಟಿ, ಗಾಡಿ ಬಂದು ನಿಂತ ಮೇಲೆ ಸಂಗತಿ ಹೊರಬಿತ್ತು. ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಬಹಳ ಹೊತ್ತು ನೆಲ ನೋಡುತ್ತ ನಿಂತು, "ನಿಮ್ಮ ಗಾಡಿ ಗೇಟಿನೊಳಗ ಬರೂ ಸಪ್ಪಳದ ಮ್ಯಾಲೆ ಗೊತ್ತಾಗತೈತ್ರಿ ಸಾಹೇಬ್ರ, ಇವತ್ತ ನಿಮ್ಮ ಮುಂದ ಮಾತಾಡಬೇಕೋ ಬ್ಯಾಡೋ ಅಂತ" ಎಂದರು.

ಆ ದಿನ ಹಾಳಾದ ಕಾಗದದ ಲೆಕ್ಕವನ್ನು ನಾನು ಅಂದೇ ಹಾಕಿದೆ. ಅದಕ್ಕೂ ಹಿಂದೆ ಎಷ್ಟು ತಪ್ಪುಗಳನ್ನು ಎಷ್ಟು ಜನ ನುಂಗಿಕೊಂಡು ಸುಮ್ಮನಿದ್ದರು ಎಂಬ ಲೆಕ್ಕವನ್ನು ಮಾತ್ರ ಇಂದಿಗೂ ಹಾಕಲಾಗಿಲ್ಲ. ಆಗ ನಾನು ಮಾಡಿದ ಎರಡನೆಯ ತಪ್ಪು ಎಂದರೆ, ರೋಗವೇನೆಂದು ನೋಡದೆ ಔಷಧದ ಅಂಗಡಿಗೆ ಓಡಿದ್ದು. ಮೊದಲು ಕಂಡ ಎರಡು ದಿನಗಳ ನಾಯಕತ್ವ ಶಿಬಿರಕ್ಕೆ ಹಣ ಕಟ್ಟಿ, ಕೈ ಮೇಲೆತ್ತಿ ಘೋಷಣೆ ಕೂಗಿ, ಗುರಿಗಳ ಪಟ್ಟಿಯೊಂದನ್ನು ಬರೆದುಕೊಂಡು ಬಂದು ಕಚೇರಿಯ ಗೋಡೆಗೆ ಅಂಟಿಸಿದೆ. ಗಾಡಿಯ ಸಪ್ಪಳ ಮೊದಲಿನಂತೆಯೇ ಇತ್ತು.

ಅಳೆಯುವುದು ಯಾವುದರಿಂದ?

ಮೊದಲನೆಯ ಅಳತೆಗೋಲು ಕೊರತೆಯ ಬಗೆ. ಯಜಮಾನರ ಕೊರತೆಗಳನ್ನು ನಾನು ಮೂರಾಗಿ ನೋಡುತ್ತೇನೆ. ನಗದು ಹರಿವನ್ನು ಓದಲು ಬಾರದಿರುವುದು, ಬೆಲೆ ಕಟ್ಟಲು ತಿಳಿಯದಿರುವುದು ತಿಳಿವಳಿಕೆಯ ಕೊರತೆ. ತಿಳಿದಿದ್ದರೂ ಮಾಡದಿರುವುದು, ಎಂದರೆ ಕೆಲಸ ಹಂಚದಿರುವುದು, ಕಷ್ಟದ ಮಾತನ್ನು ನಾಳೆಗೆ ತಳ್ಳುವುದು, ಕೋಪ ತಡೆಯಲಾಗದಿರುವುದು ಅಭ್ಯಾಸದ ಕೊರತೆ. ತನ್ನಲ್ಲಿ ಏನು ತಪ್ಪಿದೆ ಎಂಬುದೇ ತನಗೆ ಗೊತ್ತಿಲ್ಲದಿರುವುದು ಕನ್ನಡಿಯ ಕೊರತೆ. ತನ್ನ ಬೆನ್ನು ತನಗೆ ಕಾಣದು ಎಂಬ ಮಾತು ಸಂಬಳ ಕೊಡುವವನಿಗೆ ಎರಡು ಪಟ್ಟು ಸತ್ಯ, ಏಕೆಂದರೆ ಸಂಬಳ ಪಡೆಯುವವರಾರೂ ಅವನ ಬೆನ್ನಿನ ಸುದ್ದಿ ಎತ್ತುವುದಿಲ್ಲ. ತಿಳಿವಳಿಕೆಯ ಕೊರತೆಗೆ ಧ್ಯಾನವೂ, ಕನ್ನಡಿಯ ಕೊರತೆಗೆ ಪ್ರಮಾಣಪತ್ರವೂ ಮದ್ದಲ್ಲ.

ಎರಡನೆಯದು ಬೆಲೆ. ಇಲ್ಲಿ ಶುಲ್ಕವನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹತ್ತು ಜನರ ಘಟಕದಲ್ಲಿ ಯಜಮಾನರು ನಾಲ್ಕು ದಿನ ಇಲ್ಲವೆಂದರೆ ಪಾವತಿ ವಸೂಲಿ ನಿಲ್ಲುತ್ತದೆ, ಚೆಕ್ಕಿಗೆ ಸಹಿ ಬೀಳುವುದಿಲ್ಲ, ಹೊಸ ಆರ್ಡರಿಗೆ ದರ ಹೇಳುವವರಿರುವುದಿಲ್ಲ; ಆ ಗೈರುಹಾಜರಿಯ ಬೆಲೆಯೂ ಸೇರಬೇಕು. ಹಾಗೆಯೇ, ಹೇಳಿದ ಶುಲ್ಕದಲ್ಲಿ ಶೇ 18ರ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮೂರನೆಯದು, ಈ ದಾರಿಯಲ್ಲಿ ನಿಮಗೆ ಸತ್ಯ ಹೇಳುವವರು ಯಾರಾದರೂ ಇದ್ದಾರೆಯೇ ಎಂಬುದು. ನಾಲ್ಕನೆಯದು, ಮುಗಿದ ಮೇಲೆ ಏನು ಉಳಿಯುತ್ತದೆ, ಮರಳಿ ಬಂದ ಸೋಮವಾರ ಬೆಳಿಗ್ಗೆ ಯಾರು ಕೇಳುತ್ತಾರೆ ಎಂಬುದು. ನನ್ನ ಮಟ್ಟಿಗೆ ಈ ಎರಡೇ ಬೇರೆಲ್ಲಕ್ಕಿಂತ ಭಾರ. ಕೊನೆಯದು ಭಾಷೆ ಮತ್ತು ಊರು. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಬೈಯುವ ಯಜಮಾನರು ತಮ್ಮ ಸಿಟ್ಟನ್ನು ಇಂಗ್ಲಿಷಿನಲ್ಲಿ ವಿವರಿಸತೊಡಗಿದರೆ ಅರ್ಧ ಸತ್ಯ ಅಲ್ಲಿಯೇ ಸೋರಿಹೋಗುತ್ತದೆ.

ಮನೋಭಾವದ ಬಗ್ಗೆಯೂ ಒಂದು ಮಾತು ಹೇಳಬೇಕು. ಸಾಮರ್ಥ್ಯ ಹುಟ್ಟಿನಿಂದ ಬಂದದ್ದಲ್ಲ, ಬೆಳೆಸಿಕೊಳ್ಳುವಂಥದ್ದು ಎಂಬ ನಂಬಿಕೆಯ ಕುರಿತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಅವರು ಮಾಡಿದ ಸಂಶೋಧನೆ ಇಂದು ಪ್ರತಿ ನಾಯಕತ್ವ ಶಿಬಿರದ ಮೊದಲ ಸ್ಲೈಡಿನಲ್ಲಿರುತ್ತದೆ. ಆದರೆ ವಿದ್ಯಾರ್ಥಿಗಳ ಮೇಲೆ ನಡೆದ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯೊಂದರಲ್ಲಿ ಒಟ್ಟಾರೆ ಪರಿಣಾಮ ದುರ್ಬಲವೆಂದೇ ಕಂಡುಬಂದಿತು. ನಂಬಿಕೆ ಬದಲಾಯಿಸಿದರೆ ಸಾಕು, ಉಳಿದದ್ದೆಲ್ಲ ತಾನೇ ಬದಲಾಗುತ್ತದೆ ಎಂದು ಮಾರುವವರಿಂದ ಸ್ವಲ್ಪ ದೂರವಿರಬಹುದು.

ಅದೇ ಮನೋಭಾವವನ್ನು ದಿನನಿತ್ಯದ ವರ್ತನೆಯಾಗಿ ಅಭ್ಯಾಸ ಮಾಡಿಸಿದಾಗ ಬೇರೆಯದೇ ಫಲ ಸಿಕ್ಕಿದ್ದೂ ಉಂಟು. ಪಶ್ಚಿಮ ಆಫ್ರಿಕದ ಟೋಗೋ ದೇಶದ ರಾಜಧಾನಿ ಲೋಮೆಯಲ್ಲಿ 1,500 ಕಿರು ಉದ್ಯಮಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಲೆಕ್ಕಪತ್ರ, ಮಾರುಕಟ್ಟೆ ಮೊದಲಾದ ಸಾಂಪ್ರದಾಯಿಕ ವ್ಯವಹಾರ ತರಬೇತಿಯನ್ನೂ, ಇನ್ನೊಂದಕ್ಕೆ ತಾನಾಗಿ ಮುಂದಡಿಯಿಡುವ, ಅಡ್ಡಿ ಬಂದಾಗ ಕೈಬಿಡದ ವರ್ತನೆಯ ತರಬೇತಿಯನ್ನೂ ಕೊಟ್ಟರು. ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ವರ್ತನೆಯ ತರಬೇತಿ ಪಡೆದವರ ಲಾಭ ಶೇ 30ರಷ್ಟು ಏರಿತು. ಸಾಂಪ್ರದಾಯಿಕ ತರಬೇತಿಯವರಲ್ಲಿ ಕಂಡ ಶೇ 11ರ ಏರಿಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವಂತಿರಲಿಲ್ಲ. ಗಮನಿಸಬೇಕಾದ್ದೆಂದರೆ, ಅದು ಒಂದು ವಾರಾಂತ್ಯದ ಭಾಷಣವಾಗಿರಲಿಲ್ಲ. ವಾರಕ್ಕೆ ಮೂರು ಅರ್ಧ ದಿನದಂತೆ ನಾಲ್ಕು ವಾರ ತರಗತಿ ನಡೆದು, ಆ ಬಳಿಕ ನಾಲ್ಕು ತಿಂಗಳು ತರಬೇತುದಾರರೇ ಅಂಗಡಿಗೆ ಬಂದು ನೋಡುತ್ತಿದ್ದರು.

ಕ್ಯಾಂಪಸ್ಸಿನ ಕೋರ್ಸು

1973ರಿಂದ ನಡೆದುಬಂದಿರುವ, ಈಗ ಬನ್ನೇರುಘಟ್ಟ ರಸ್ತೆಯಲ್ಲಿರುವ ಬೆಂಗಳೂರಿನ ಐಐಎಂ, ಉದ್ಯಮಿಗಳಿಗೂ ಕುಟುಂಬದ ವ್ಯಾಪಾರ ನೋಡಿಕೊಳ್ಳುವವರಿಗೂ ಪ್ರತ್ಯೇಕ ಕಾರ್ಯಕ್ರಮಗಳನ್ನು ನಡೆಸಿದೆ. ಇಂಥ ಕೋರ್ಸುಗಳ ಬಲವಿರುವುದು ತಿಳಿವಳಿಕೆಯಲ್ಲಿ. ಬ್ಯಾಲೆನ್ಸ್ ಶೀಟನ್ನು ಆಡಿಟರ್ ಕೈಗೆ ಕೊಟ್ಟು ಸಹಿಯಷ್ಟೇ ಹಾಕುತ್ತಿದ್ದವರು ಅದನ್ನು ತಾವೇ ಓದತೊಡಗುವುದು ಸಣ್ಣ ಬದಲಾವಣೆಯಲ್ಲ. ಜೊತೆಗೆ ಬೇರೆ ಬೇರೆ ಊರಿನ, ಬೇರೆ ಬೇರೆ ವ್ಯಾಪಾರದ ಮೂವತ್ತು ನಲವತ್ತು ಜನ ಒಂದೇ ಕೊಠಡಿಯಲ್ಲಿ ಸಿಗುತ್ತಾರೆ. ಹೋಗಿ ಬಂದವರು ಹೆಚ್ಚಾಗಿ ನೆನೆಯುವುದು ಪಾಠಗಳಿಗಿಂತ ಊಟದ ಹೊತ್ತಿನ ಮಾತುಗಳನ್ನೇ.

ಮಿತಿಗಳೂ ಅಷ್ಟೇ ಸ್ಪಷ್ಟ. ದೀರ್ಘ ಕೋರ್ಸುಗಳ ಶುಲ್ಕ ಲಕ್ಷಗಳಲ್ಲಿರುತ್ತದೆ, ದಿನಗಳೂ ಹೋಗುತ್ತವೆ, ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪ್ರಾಧ್ಯಾಪಕರು ನಿಮ್ಮ ಕಾರ್ಖಾನೆಯೊಳಗೆ ಬಂದು ನಿಮ್ಮನ್ನು ನೋಡಿದವರಲ್ಲವಾದ್ದರಿಂದ ಕನ್ನಡಿಯ ಕೆಲಸ ಅಲ್ಲಿ ಹೆಚ್ಚು ಆಗುವುದಿಲ್ಲ. ಕೋರ್ಸು ಮುಗಿದ ಹುರುಪಿನಲ್ಲಿ ಒಂದೇ ತಿಂಗಳಿನಲ್ಲಿ ಐದು ಹೊಸ ಪದ್ಧತಿಗಳನ್ನು ತಂದು, ಮೂರನೆಯ ತಿಂಗಳಿಗೆ ಐದನ್ನೂ ಬಿಟ್ಟವರನ್ನು ನಾನು ಕಂಡಿದ್ದೇನೆ. ನನ್ನ ತೂಕದಲ್ಲಿ, ಕುಟುಂಬದ ಎರಡನೆಯ ತಲೆಮಾರಿನವರಿಗೂ, ಅಂಗಡಿಯಿಂದ ಕಂಪನಿಯಾಗಲು ಹೊರಟವರಿಗೂ ಇದು ಹಣಕ್ಕೆ ತಕ್ಕದ್ದು. ಸಿಟ್ಟು, ಅಪನಂಬಿಕೆ, ಎಲ್ಲವನ್ನೂ ತಾನೇ ಮಾಡುವ ಚಟ ಇವೇ ತೊಂದರೆಯಾಗಿರುವವರಿಗೆ ದುಬಾರಿ.

ಹಣವಿಲ್ಲದೆ ತಿಳಿವಳಿಕೆ ಮಾತ್ರ ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಸ್ವಯಂ ಜಾಲತಾಣವಿದೆ. ಅಲ್ಲಿನ ಮ್ಯಾನೇಜ್‌ಮೆಂಟ್ ಕೋರ್ಸುಗಳ ಹೊಣೆ ಬೆಂಗಳೂರಿನ ಐಐಎಂನದೇ. ಪಾಠ ನೋಡಲು ಶುಲ್ಕವಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕೆಂದರೆ ಮಾತ್ರ ಹಣ ಕಟ್ಟಬೇಕು. ಆದರೆ ರಾತ್ರಿ ಹತ್ತಕ್ಕೆ ಶಟರ್ ಎಳೆದು ಬಂದವರು ಲ್ಯಾಪ್‌ಟಾಪ್ ತೆರೆದು ಎಂಟು ವಾರ ಪಾಠ ಕೇಳುತ್ತಾರೆಯೇ ಎಂಬುದನ್ನು ಅವರವರೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಧಾರವಾಡದಲ್ಲಿ 1992ರಿಂದ ಇರುವ ಸಿಡಾಕ್ ಎಂಬ ಉದ್ಯಮಶೀಲತಾ ತರಬೇತಿ ಸಂಸ್ಥೆಯೂ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸ್ವಉದ್ಯೋಗ ತರಬೇತಿಯ ರುಡ್‌ಸೆಟಿಯೂ ಕನ್ನಡದಲ್ಲಿ ಕಲಿಸುವ ಒಳ್ಳೆಯ ಸಂಸ್ಥೆಗಳು. ಆದರೆ ಅವುಗಳ ಒತ್ತು ಹೊಸದಾಗಿ ಉದ್ಯಮ ಆರಂಭಿಸುವವರ ಕಡೆಗೆ ಹೆಚ್ಚು.

ಕೋಚ್

ಕೋಚ್ ಎಂದರೆ ಪಾಠ ಹೇಳುವವರಲ್ಲ, ಸಲಹೆಗಾರರೂ ಅಲ್ಲ. ಪ್ರಶ್ನೆ ಕೇಳಿ ಕೇಳಿ ನಿಮ್ಮಿಂದಲೇ ಉತ್ತರ ತೆಗೆಸುವವರು. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕುಳಿತು, ಹಿಂದಿನ ಸಲ ಒಪ್ಪಿಕೊಂಡದ್ದನ್ನು ಮಾಡಿದಿರಾ ಎಂದು ಕೇಳುವವರೊಬ್ಬರಿರುವುದೇ ಇದರ ಮುಖ್ಯ ಬೆಲೆ. ಅಭ್ಯಾಸದ ಕೊರತೆಗೆ ಇದಕ್ಕಿಂತ ಚುರುಕಾದ ದಾರಿ ನನಗೆ ಗೊತ್ತಿಲ್ಲ. ಗೈರುಹಾಜರಿಯ ಬೆಲೆ ಬಹುತೇಕ ಇಲ್ಲ. ಶುಲ್ಕ ಮಾತ್ರ ಪ್ರತಿ ಗಂಟೆಗೂ ಸಾವಿರಗಳಲ್ಲಿರುತ್ತದೆ, ಆರು ತಿಂಗಳ ಒಪ್ಪಂದವೆಂದರೆ ಒಟ್ಟು ಮೊತ್ತ ಸಣ್ಣದಾಗದು.

ತೊಂದರೆ ಇರುವುದು ಆಯ್ಕೆಯಲ್ಲಿ. ಈ ಕಸುಬಿಗೆ ಸರ್ಕಾರದ ಪರವಾನಗಿ ಬೇಕಿಲ್ಲ. ಇಂದು ಬೆಳಿಗ್ಗೆ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದವರೂ ಸಂಜೆಗೆ ಲೀಡರ್‌ಶಿಪ್ ಕೋಚ್. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಸಂಸ್ಥೆ 1995ರಿಂದ ಇದ್ದು, ಮೂರು ಹಂತದ ಮಾನ್ಯತೆ ನೀಡುತ್ತದೆ: ಮೊದಲ ಹಂತಕ್ಕೆ 100 ಗಂಟೆ, ಎರಡನೆಯದಕ್ಕೆ 500, ಮೂರನೆಯದಕ್ಕೆ 2,500 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಮಾನ್ಯತೆ ಇದ್ದಮಾತ್ರಕ್ಕೆ ಅವರು ನಿಮಗೆ ಹೊಂದುತ್ತಾರೆಂದಿಲ್ಲ, ಆದರೆ ಯಾವ ಹಂತ ಎಂದು ಕೇಳಿದಾಗ ತಡವರಿಸುವವರನ್ನು ಅಲ್ಲಿಗೇ ಬಿಡಬಹುದು. ನಿಮ್ಮಷ್ಟೇ ಗಾತ್ರದ ಉದ್ಯಮದವರೊಬ್ಬರಿಗೆ ಇವರಿಂದ ಏನು ಬದಲಾಯಿತು ಎಂಬುದನ್ನು ಆ ಉದ್ಯಮಿಯ ಬಾಯಿಂದಲೇ ಕೇಳಿ. ಸಾಧ್ಯವಾದರೆ ಅವರ ಬಳಿ ಕೆಲಸ ಮಾಡುವವರನ್ನೂ ವಿಚಾರಿಸಿ.

ಇನ್ನೊಂದು ಎಚ್ಚರಿಕೆ. ಸತ್ಯ ಹೇಳಿದ ಮಾತ್ರಕ್ಕೆ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂದು ನಾವು ಭಾವಿಸುತ್ತೇವೆ. ಅವ್ರಾಹಮ್ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ ಎಂಬ ಸಂಶೋಧಕರು 1996ರಲ್ಲಿ, ಪ್ರತಿಕ್ರಿಯೆ ಕೊಡುವುದರಿಂದ ಆಗುವ ಪರಿಣಾಮಗಳ ಕುರಿತ ನೂರಾರು ಅಳತೆಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸರಾಸರಿಯಲ್ಲಿ ಅದು ಕೆಲಸವನ್ನು ಸುಧಾರಿಸಿದರೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನಷ್ಟು ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆಗೆ ತಿರುಗಿದಾಗ ಹಾಗಾಗುವ ಸಂಭವ ಹೆಚ್ಚು ಎಂಬುದು ಅವರ ವಿವರಣೆ. "ನೀವು ಸಿಟ್ಟಿನವರು" ಎನ್ನುವ ಕೋಚ್‌ಗಿಂತ "ಮಂಗಳವಾರ ಬೆಳಿಗ್ಗೆ ಲೋಡಿಂಗ್ ಹೊತ್ತಿನಲ್ಲಿ ಏನಾಯಿತು, ಒಂದೊಂದಾಗಿ ಹೇಳಿ" ಎನ್ನುವ ಕೋಚ್ ಮೇಲು. ಮೊದಲ ಉಚಿತ ಭೇಟಿಯಲ್ಲಿಯೇ ಈ ವ್ಯತ್ಯಾಸ ತಿಳಿಯುತ್ತದೆ.

ಹಿರಿಯ ಉದ್ಯಮಿಯ ಮಾರ್ಗದರ್ಶನ

ಇದಕ್ಕೆ ಹಣ ಬೇಕಿಲ್ಲ. ಸಂಕೋಚ ಬಿಟ್ಟು ಕೇಳಬೇಕು, ಅಷ್ಟೇ. ಕೀನ್ಯಾದ ನೈರೋಬಿಯ ಡಾಂಡೋರಾ ಎಂಬ ಬಡಾವಣೆಯಲ್ಲಿ ಸಣ್ಣ ವ್ಯಾಪಾರದ ಯುವತಿಯರ ಒಂದು ಗುಂಪಿಗೆ ಅದೇ ಬಡಾವಣೆಯ ಅನುಭವಿ ವ್ಯಾಪಾರಿ ಮಹಿಳೆಯರನ್ನು ಜೋಡಿಸಿ, ಇನ್ನೊಂದು ಗುಂಪಿಗೆ ತರಗತಿಯ ಪಾಠ ಹೇಳಿಸಿ ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹಿರಿಯರ ಜೊತೆ ಸಿಕ್ಕವರ ಲಾಭ ಸರಾಸರಿ ಶೇ 20ರಷ್ಟು ಹೆಚ್ಚಾಯಿತು. ತರಗತಿಯವರು ಪದ್ಧತಿಗಳನ್ನು ಬದಲಾಯಿಸಿಕೊಂಡರೂ ಲಾಭದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿರಿಯರು ಹೇಳಿದ್ದು ದೊಡ್ಡ ತತ್ತ್ವವನ್ನಲ್ಲ, ಆ ಊರಿಗೇ ಸೇರಿದ ಸಣ್ಣ ಸಂಗತಿಗಳನ್ನು. ಇದರ ಇನ್ನೊಂದು ಮುಖವನ್ನೂ ಮರೆಯಬಾರದು: ಆ ಜೋಡಿಗಳ ಭೇಟಿ ನಿಲ್ಲುತ್ತ ಹೋದಂತೆ ಲಾಭದ ಏರಿಕೆಯೂ ಕರಗಿತು.

ನಮ್ಮಲ್ಲಿ ಇಂಥ ಹಿರಿಯರು ಸಿಗುವುದು ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳಲ್ಲಿ, ಕೈಗಾರಿಕಾ ವಸಾಹತುಗಳ ಸಂಘಗಳಲ್ಲಿ, 1949ರಿಂದ ಇರುವ ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಸ್ಥೆಯಲ್ಲಿ. ಕಷ್ಟವೆಂದರೆ, ಹಿರಿಯರು ತಮ್ಮ ಕಾಲದ ಉತ್ತರವನ್ನೇ ನಿಮ್ಮ ಕಾಲದ ಪ್ರಶ್ನೆಗೆ ಕೊಡಬಹುದು. ಅದೇ ಸಾಲಿನ ವ್ಯಾಪಾರದವರಾದರೆ ನಾಳೆ ಪ್ರತಿಸ್ಪರ್ಧಿಯೂ ಆಗಬಹುದು. ಸಂಬಂಧಿಕರನ್ನು ಮಾರ್ಗದರ್ಶಕರಾಗಿ ಮಾಡಿಕೊಳ್ಳುವುದು ಬೇಡವೆಂದೇ ನನ್ನ ಅಭಿಪ್ರಾಯ. ಮಾವನವರ ಮುಂದೆ ಸೋಲನ್ನು ಒಪ್ಪಿಕೊಳ್ಳುವ ಅಳಿಯನನ್ನು ನಾನಿನ್ನೂ ಕಂಡಿಲ್ಲ.

ಸಮಾನರ ಗುಂಪು

ನನ್ನ ಒಲವು ಇದರ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಆದ್ದರಿಂದ ಓದುವವರು ಒಂದಿಷ್ಟು ಕಳೆದೇ ಓದಬೇಕು. ಎಂಟು ಹತ್ತು ಉದ್ಯಮಿಗಳು ತಿಂಗಳಿಗೊಮ್ಮೆ ಒಬ್ಬರ ಘಟಕದಲ್ಲಿ ಸೇರುತ್ತಾರೆ. ಮೊದಲು ಕಾರ್ಖಾನೆ ಸುತ್ತುತ್ತಾರೆ. ಆಮೇಲೆ ಆ ಸಲದ ಆತಿಥೇಯರು ತಮ್ಮ ಒಂದು ಸಮಸ್ಯೆಯನ್ನು ಬಿಚ್ಚಿಡುತ್ತಾರೆ. ಉಳಿದವರು ಪ್ರಶ್ನೆ ಕೇಳುತ್ತಾರೆ.

ಚೀನಾದ ನಾನ್‌ಚಾಂಗ್ ನಗರದಲ್ಲಿ 2,820 ಉದ್ಯಮಗಳನ್ನು ಒಳಗೊಂಡ ಪ್ರಯೋಗವೊಂದರಲ್ಲಿ, ಹತ್ತು ಹತ್ತು ವ್ಯವಸ್ಥಾಪಕರ ಗುಂಪುಗಳನ್ನು ಒಂದು ವರ್ಷ ಪ್ರತಿ ತಿಂಗಳೂ ಕೂಡಿಸಲಾಯಿತು. ಭಾಗವಹಿಸಿದ ಉದ್ಯಮಗಳ ಮಾರಾಟ ಶೇ 8.1ರಷ್ಟು ಹೆಚ್ಚಾಗಿತ್ತು. ಈ ಏರಿಕೆ ಟೋಗೋದಷ್ಟು ದೊಡ್ಡದಲ್ಲ, ಆದರೆ ಇಲ್ಲಿ ಶಿಕ್ಷಕರಿರಲಿಲ್ಲ, ಪಠ್ಯವಿರಲಿಲ್ಲ, ಒಬ್ಬರನ್ನೊಬ್ಬರು ನೋಡಿದ್ದೇ ಪಾಠವಾಗಿತ್ತು.

ನಾವು ಏಳು ಜನ ಹೀಗೆ ಸೇರತೊಡಗಿ ನಾಲ್ಕನೆಯ ತಿಂಗಳಿಗೆ ನನ್ನ ಕಾರ್ಖಾನೆಯ ಸರದಿ ಬಂತು. ಪ್ಲಾಸ್ಟಿಕ್ ಪೈಪಿನ ವ್ಯಾಪಾರದ ಗೆಳೆಯರೊಬ್ಬರು ಸ್ಲಾಟಿಂಗ್ ಯಂತ್ರದ ಬಳಿ ಹತ್ತು ನಿಮಿಷ ನಿಂತು ಬಂದು, ಚಹಾ ಕುಡಿಯುವಾಗ ಒಂದೇ ಮಾತು ಹೇಳಿದರು: "ನೀವು ಯಂತ್ರದ ಹತ್ರ ಹೋದ ಕೂಡಲೇ ಅಲ್ಲಿದ್ದ ಇಬ್ಬರೂ ಮಾತು ನಿಲ್ಲಿಸಿದ್ರು, ನಾನು ಹೋದಾಗ ನಿಲ್ಲಿಸಲಿಲ್ಲ." ಸೂಪರ್‌ವೈಸರ್ ಹೇಳಿದ್ದ ಸಂಗತಿಯೇ ಅದು. ಆದರೆ ನನ್ನಷ್ಟೇ ಸಂಬಳ ಕೊಡುವ, ನನ್ನಷ್ಟೇ ಜಿಎಸ್‌ಟಿಯಲ್ಲಿ ಮುಳುಗಿರುವ ಮನುಷ್ಯ ಹೇಳಿದಾಗ ಅದಕ್ಕೆ ನೆಪ ಹುಡುಕಲು ನನ್ನಿಂದಾಗಲಿಲ್ಲ. ಮುಂದಿನ ತಿಂಗಳು ಸೇರಿದಾಗ ಅವರು ಮತ್ತೆ ಕೇಳಿದರು. ಅದರ ಮುಂದಿನ ತಿಂಗಳೂ ಕೇಳಿದರು. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ, ಆ ವಾರದ ತಪ್ಪುಗಳನ್ನು ಬೈಗುಳವಿಲ್ಲದೆ ಮೇಜಿನ ಮೇಲಿಡುವ ಅರ್ಧ ಗಂಟೆಯ ಕೂಟ ನಮ್ಮಲ್ಲಿ ಶುರುವಾದದ್ದು ಅವರ ಕಾಟ ತಾಳಲಾರದೆ.

ಗುಂಪಿಗೆ ಖರ್ಚು ಕಡಿಮೆ, ಭಾಷೆ ನಿಮ್ಮದೇ, ಊರು ನಿಮ್ಮದೇ. ಆದರೆ ಗುಂಪು ಕಟ್ಟುವುದು ಸುಲಭವಲ್ಲ. ಒಂದೇ ವ್ಯಾಪಾರದ ಇಬ್ಬರಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರ ಉದ್ಯಮ ಉಳಿದವರ ಹತ್ತು ಪಟ್ಟು ದೊಡ್ಡದಾದರೆ ಅವರದೇ ಭಾಷಣ. ಮೂರು ತಿಂಗಳ ಮೇಲೆ ಅದು ಊಟದ ಕೂಟವಾಗಿ ಬಿಡುವ ಅಪಾಯವಂತೂ ಸದಾ ಇದೆ. ನಡೆಸಿಕೊಡುವವರೊಬ್ಬರನ್ನು ಸರದಿಯಂತೆ ನೇಮಿಸಿ, ಹಿಂದಿನ ತಿಂಗಳ ಮಾತನ್ನು ಬರೆದಿಟ್ಟುಕೊಂಡರೆ ಮಾತ್ರ ಉಳಿಯುತ್ತದೆ. ವ್ಯಾಪಾರದ ಪರಿಚಯಗಳನ್ನು ಪರಸ್ಪರ ಕೊಟ್ಟುಕೊಳ್ಳಲೆಂದೇ ವಾರಕ್ಕೊಮ್ಮೆ ಸೇರುವ ಗುಂಪುಗಳಿವೆ. ಅವು ಮಾರಾಟಕ್ಕೆ ಒಳ್ಳೆಯವು, ಆದರೆ ಗಿರಾಕಿ ಕೊಡಬೇಕಾದವರ ಮುಂದೆ ಯಾರೂ ತಮ್ಮ ಹುಳುಕು ತೋರಿಸುವುದಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಟೋಸ್ಟ್‌ಮಾಸ್ಟರ್ಸ್

ನಾಲ್ಕು ಜನರ ಮುಂದೆ ನಿಂತು ಮಾತನಾಡಲು ಗಂಟಲು ಒಣಗುತ್ತದೆ ಎಂಬುದೇ ನಿಮ್ಮ ಮುಖ್ಯ ತೊಂದರೆಯಾಗಿದ್ದರೆ ಬೇರೆಲ್ಲವನ್ನೂ ಬಿಟ್ಟು ಇಲ್ಲಿಗೆ ಬನ್ನಿ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಈ ಕ್ಲಬ್ಬುಗಳ ಪದ್ಧತಿ ಬಹಳ ಸರಳ. ಐದರಿಂದ ಏಳು ನಿಮಿಷದ ಭಾಷಣ. ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ಗುರುತು. ನೀವು ಎಷ್ಟು ಸಲ "ಆಂ", "ಊಂ" ಎಂದಿರಿ ಎಂದು ಎಣಿಸಲೆಂದೇ ಒಬ್ಬರಿರುತ್ತಾರೆ, ಭಾಷಣವನ್ನು ವಿಮರ್ಶಿಸಲು ಇನ್ನೊಬ್ಬರು. ನಾಯಕತ್ವಕ್ಕೆ ಇಲ್ಲಿ ಸಿಗುವ ನಿಜವಾದ ತರಬೇತಿ, ನನ್ನ ಪ್ರಕಾರ, ಭಾಷಣದ್ದಲ್ಲ, ವಿಮರ್ಶೆಯದ್ದು. ಎದುರಿಗಿರುವವರನ್ನು ನೋಯಿಸದೆ, ಸುಳ್ಳು ಹೊಗಳದೆ, ಮೂರು ನಿಮಿಷದೊಳಗೆ ಅವರ ತಪ್ಪನ್ನು ಹೇಳಲು ಕಲಿತವರು ಕಾರ್ಖಾನೆಯಲ್ಲೂ ಅದನ್ನು ಬಳಸುತ್ತಾರೆ. ಸದಸ್ಯತ್ವದ ಖರ್ಚು ಆರು ತಿಂಗಳಿಗೆ ಕೆಲವು ಸಾವಿರ ರೂಪಾಯಿ. ಹೆಚ್ಚಿನ ಕ್ಲಬ್ಬುಗಳು ನಡೆಯುವುದು ಇಂಗ್ಲಿಷಿನಲ್ಲಿ, ಅದೂ ದೊಡ್ಡ ಊರುಗಳಲ್ಲಿ.

ವಿಪಶ್ಯನ

ಸತ್ಯನಾರಾಯಣ ಗೋಯಂಕಾ ಅವರು ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ. ತೀವ್ರ ತಲೆನೋವಿನಿಂದ ಬಳಲುತ್ತಿದ್ದ ಅವರು 1955ರಲ್ಲಿ ಸಯಾಜಿ ಊ ಬಾ ಖಿನ್ ಅವರ ಬಳಿ ಧ್ಯಾನ ಕಲಿಯಲು ಹೋದರು. ಆ ಗುರುಗಳಾದರೂ ಸನ್ಯಾಸಿಯಲ್ಲ, ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು. 1969ರಲ್ಲಿ ಗೋಯಂಕಾ ಭಾರತಕ್ಕೆ ಬಂದು ಕಲಿಸತೊಡಗಿದ ಶಿಬಿರಗಳು ಇಂದು ಬೆಂಗಳೂರಿನ ಬಳಿ ತುಮಕೂರು ರಸ್ತೆಯ ಕಡೆಗಿರುವ ಧಮ್ಮ ಪಫುಲ್ಲ ಕೇಂದ್ರದಲ್ಲೂ ನಡೆಯುತ್ತವೆ. ಶುಲ್ಕವಿಲ್ಲ, ಮುಗಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ, ದಿನಕ್ಕೆ ಸುಮಾರು ಹತ್ತು ಗಂಟೆ ಕುಳಿತುಕೊಳ್ಳಬೇಕು, ಮಾತಿಲ್ಲ, ಮೊಬೈಲಿಲ್ಲ, ಓದು ಬರಹವೂ ಇಲ್ಲ.

ಸಿಟ್ಟು ಎದ್ದೇಳುವುದಕ್ಕೂ ಬಾಯಿ ತೆರೆಯುವುದಕ್ಕೂ ನಡುವೆ ಅರೆಗಳಿಗೆ ಬಿಡುವು ಸಿಗುವಂತೆ ಮಾಡುವ ಶಕ್ತಿ ಇದಕ್ಕಿದೆ ಎಂದು ಹೋಗಿ ಬಂದವರಲ್ಲಿ ಹಲವರು ಹೇಳುತ್ತಾರೆ. ನನ್ನ ಅನುಭವವೂ ಅದೇ. ಆದರೆ ಮೂರು ಮಾತು ಸ್ಪಷ್ಟವಿರಲಿ. ಇದು ಉದ್ಯಮ ನಾಯಕತ್ವದ ತರಬೇತಿಯಲ್ಲ, ಹಾಗೆಂದು ಅವರೂ ಹೇಳಿಕೊಳ್ಳುವುದಿಲ್ಲ. ಬಂದು ಹೋಗುವ ದಿನ ಸೇರಿ ಹನ್ನೆರಡು ದಿನ ನೀವು ಫೋನಿಗೂ ಸಿಗುವುದಿಲ್ಲವಾದ್ದರಿಂದ, ಶುಲ್ಕವಿಲ್ಲದ ಈ ದಾರಿಯ ಗೈರುಹಾಜರಿಯ ಬೆಲೆ ಎಲ್ಲಕ್ಕಿಂತ ಹೆಚ್ಚು. ಹಾಗೂ ಗಂಭೀರ ಮಾನಸಿಕ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಅರ್ಜಿ ಹಾಕಬಾರದು. ಇದರಿಂದ ನನಗೆ ಸಿಕ್ಕ ಅನಿರೀಕ್ಷಿತ ಲಾಭವೊಂದಿದೆ: ಹನ್ನೆರಡು ದಿನ ನಾನಿಲ್ಲದೆ ಕಾರ್ಖಾನೆ ನಡೆಯಬೇಕಾದ್ದರಿಂದ, ಹೊರಡುವ ಮುನ್ನ ಐದು ವರ್ಷ ಮುಂದೂಡಿದ್ದ ಕೆಲಸ ಹಂಚಿಕೆಯನ್ನು ಎರಡು ವಾರದಲ್ಲಿ ಮಾಡಿ ಮುಗಿಸಿದೆ.

ಉಳಿದವು

ಎರಡು ದಿನದ ಪ್ರೇರಣಾ ಶಿಬಿರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುರುಪು ಬೇಕಿದ್ದವರಿಗೆ ಹುರುಪು ಸಿಗುತ್ತದೆ. ಎರಡನೆಯ ದಿನದ ಸಂಜೆ, ಇಂದೇ ಕಟ್ಟಿದರೆ ರಿಯಾಯಿತಿ ಎಂದು ಮುಂದಿನ ಹಂತದ ಕೋರ್ಸು ಮಾರಲು ಬಂದಾಗ ಮನೆಗೆ ಹೋಗಿ ಯೋಚಿಸುತ್ತೇನೆ ಎನ್ನುವ ಎದೆಗಾರಿಕೆ ಇದ್ದರೆ ಹೋಗಿ ಬನ್ನಿ.

ಹತ್ತು ರೂಪಾಯಿಯ ನೋಟ್‌ಬುಕ್ ಇವೆಲ್ಲಕ್ಕಿಂತ ಅಗ್ಗ. ಒಂದು ನಿರ್ಧಾರ ತೆಗೆದುಕೊಂಡಾಗ ಏಕೆ ತೆಗೆದುಕೊಂಡೆ, ಏನಾಗಬಹುದೆಂದುಕೊಂಡಿದ್ದೇನೆ ಎಂದು ತಾರೀಖಿನೊಂದಿಗೆ ಬರೆದಿಟ್ಟು ಮೂರು ತಿಂಗಳ ಮೇಲೆ ತೆರೆದು ನೋಡುವುದು. ನೆನಪು ನಮ್ಮ ಪರವಾಗಿ ಸುಳ್ಳು ಹೇಳುತ್ತದೆ, ಬರೆದದ್ದು ಹೇಳುವುದಿಲ್ಲ. ಯಾವ ದಾರಿ ಹಿಡಿದರೂ ಇದು ಜೊತೆಗಿರಲಿ.

ಮನಸ್ಸು ತಿದ್ದಿಕೊಳ್ಳುವುದರಿಂದ ಆಗದ ಕೆಲಸಗಳೂ ಇವೆ. ಮುಂಬೈ ಸಮೀಪದ ಜವಳಿ ಕಾರ್ಖಾನೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಾಸ್ತಾನಿನ ಲೆಕ್ಕ, ಗುಣಮಟ್ಟದ ದಾಖಲೆ, ಯಂತ್ರಗಳ ನಿರ್ವಹಣೆ ಇಂಥ ಸರಳ ಪದ್ಧತಿಗಳನ್ನು ತಂದ ಮೊದಲ ವರ್ಷದಲ್ಲಿಯೇ ಉತ್ಪಾದಕತೆ ಶೇ 17ರಷ್ಟು ಏರಿತು. ಅಂಥ ಪದ್ಧತಿಗಳೇ ಇಲ್ಲದ ಕಡೆ ಯಜಮಾನರ ಧ್ಯಾನದಿಂದ ನೂಲು ಕಡಿಯುವುದು ನಿಲ್ಲುವುದಿಲ್ಲ. ಅದೇ ಅಧ್ಯಯನ ಗುರುತಿಸಿದ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ: ಹೊರಗಿನವರನ್ನು ನಂಬಿ ಅಧಿಕಾರ ಕೊಡಲಾರದ ಆ ಉದ್ಯಮಗಳ ಗಾತ್ರ, ಮನೆಯಲ್ಲಿ ಎಷ್ಟು ಗಂಡಸರಿದ್ದಾರೆ ಎಂಬುದರ ಮೇಲೆ ನಿಂತಿತ್ತು. ಕೆಲವು ವರ್ಷಗಳ ನಂತರ ಮತ್ತೆ ಹೋಗಿ ನೋಡಿದಾಗ ತಂದಿದ್ದ ಪದ್ಧತಿಗಳಲ್ಲಿ ಸುಮಾರು ಅರ್ಧದಷ್ಟು ಬಿಟ್ಟುಹೋಗಿದ್ದವು. ವ್ಯವಸ್ಥಾಪಕರು ಬದಲಾದದ್ದು, ಮಾಲೀಕರಿಗೆ ಪುರಸತ್ತಿಲ್ಲದ್ದು ಅದಕ್ಕೆ ಮುಖ್ಯ ಕಾರಣ.

ಇನ್ನು ಆ ಮೂವರಿಗೆ

ಪೀಣ್ಯದವರು ತಮ್ಮ ಪತ್ರದಲ್ಲಿ ಎರಡು ವರ್ಷದಲ್ಲಿ ಮೂವರು ಫೋರ್‌ಮನ್‌ಗಳು ಬಿಟ್ಟು ಹೋದರೆಂದು ಬರೆದಿದ್ದಾರೆ, ಏಕೆ ಹೋದರೆಂದು ಬರೆದಿಲ್ಲ. ಅವರ ಕೊರತೆ ಕನ್ನಡಿಯದು. ವರ್ಷಕ್ಕೆ ಒಂದು ಲಕ್ಷ ತೆಗೆದಿಡಬಲ್ಲೆ ಎಂದಿದ್ದಾರೆ, ಆದರೆ ಅದನ್ನು ಖರ್ಚು ಮಾಡುವ ಮೊದಲು, ಬಿಟ್ಟುಹೋದ ಮೂವರಲ್ಲಿ ಒಬ್ಬರನ್ನಾದರೂ ಕಂಡು ಮಾತನಾಡಲಿ. ಅದಕ್ಕೆ ಖರ್ಚಾಗುವುದು ಒಂದು ಕಾಫಿ. ಆಮೇಲೆ ಗುಂಪೊಂದನ್ನು ಸೇರಲಿ ಅಥವಾ ತಾವೇ ಕಟ್ಟಲಿ. ಆರು ತಿಂಗಳ ನಂತರವೂ ಅದೇ ಗಂಟು ಬಿಡದಿದ್ದರೆ ಕೋಚ್‌ಗೆ ಹಣ ಕೊಡಬಹುದು. ಆಗ ಏನನ್ನು ಬಿಡಿಸಬೇಕೆಂದು ತಾವೇ ಹೇಳಿ ಹಣ ಕೊಡುತ್ತಾರೆ.

ಶಿವಮೊಗ್ಗದ ಯುವಕರಿಗೆ ತಂದೆಯ ಕಾಲದ ಲೆಕ್ಕದ ಪುಸ್ತಕವೂ, ತಂದೆಯ ಕಾಲದ ನೌಕರರೂ ಒಟ್ಟಿಗೆ ಬಂದಿದ್ದಾರೆ. ಅವರಿಗೆ ಕುಟುಂಬದ ಉದ್ಯಮಗಳಿಗೆಂದೇ ಇರುವ ಕ್ಯಾಂಪಸ್ ಕೋರ್ಸು ಹೊಂದುತ್ತದೆ, ಮನೆಯವರು ಒಪ್ಪಿದರೆ. ಒಪ್ಪುವವರೆಗೆ ಸ್ವಯಂನಲ್ಲಿ ಲೆಕ್ಕಶಾಸ್ತ್ರದ ಒಂದು ಕೋರ್ಸು ಪೂರ್ತಿ ಮಾಡಿ ತೋರಿಸಲಿ. ಎಂಟು ವಾರದ ಉಚಿತ ಪಾಠ ಮುಗಿಸಲಾರದವರು ಲಕ್ಷದ ಪಾಠವನ್ನು ಮುಗಿಸುವುದು ಅನುಮಾನ, ತಂದೆಯವರೂ ಅದನ್ನೇ ಕೇಳುತ್ತಾರೆ.

ಧಾರವಾಡದವರ ಬಳಿ ಹಣವೂ ಕಡಿಮೆ, ಬಿಡುವೂ ಕಡಿಮೆ. ಮನೆ ಮತ್ತು ಒಲೆ ಎರಡನ್ನೂ ಬಿಟ್ಟು ಹನ್ನೆರಡು ದಿನ ಹೋಗಿ ಎಂದು ಅವರಿಗೆ ಹೇಳುವುದು ಅಣಕವಾಗುತ್ತದೆ. ಅವರ ಪ್ರಶ್ನೆಯೂ ಬೇರೆ: ಅಂಗಡಿಯವರು ಬಾಕಿ ಕೊಡದಿದ್ದಾಗ ಗಟ್ಟಿಯಾಗಿ ಕೇಳಲು ಬಾಯಿ ಬರುವುದಿಲ್ಲ, ಕೆಲಸದವರ 'ಅಕ್ಕಾ' ಎಂಬ ಮಾತಿಗೆ ಕರಗಿ ಮುಂಗಡ ಕೊಟ್ಟುಬಿಡುತ್ತಾರೆ. ಅದೇ ಊರಿನಲ್ಲಿ ಇಪ್ಪತ್ತು ವರ್ಷ ತಿಂಡಿ ವ್ಯಾಪಾರ ನಡೆಸಿ ಈಗ ಮಗಳಿಗೋ ಸೊಸೆಗೋ ವಹಿಸಿಕೊಟ್ಟಿರುವ ಹಿರಿಯ ಹೆಣ್ಣುಮಗಳೊಬ್ಬರನ್ನು ಹುಡುಕಿ, ತಿಂಗಳಿಗೆ ಎರಡು ಸಲ ಅವರ ಮನೆಗೆ ಹೋಗಿ ಕೂರುವುದು ನಾನು ಸೂಚಿಸುವ ದಾರಿ. ಹೋಗುವಾಗ ಬಾಕಿಯ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಹೋಗಲಿ. ಭೇಟಿಯ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಬಿಡುವಾದಾಗ ಬರುತ್ತೇನೆ ಎಂದರೆ ಮೂರನೆಯ ತಿಂಗಳಿಗೆ ಅದು ನಿಲ್ಲುತ್ತದೆ. ದೀಪಾವಳಿಯ ಆರ್ಡರುಗಳು ಶುರುವಾದರೆ ಯಾರಿಗೂ ಪುರಸತ್ತಿರುವುದಿಲ್ಲ, ಆದ್ದರಿಂದ ಮೊದಲ ನಾಲ್ಕು ಭೇಟಿಗಳನ್ನು ಶ್ರಾವಣಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ವಾಸಿ.